ಜಿ41 ಬೋರ್ಡಿಗೆ 4 ಜಿಬಿ ರ್ಯಾಮ್: ಅಂಗಡಿಯಲ್ಲಿ ಸಿಗುವ ಮೂರು ಬಗೆಯಲ್ಲಿ ಯಾವುದು ನಡೆಯುತ್ತದೆ

ಹತ್ತು ಹದಿನೈದು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಮನೆ ಕಂಪ್ಯೂಟರಿನ ಬಾಗಿಲು ತೆಗೆದರೆ ಒಳಗೆ ಇಂಟೆಲ್ ಜಿ41 ಚಿಪ್‌ಸೆಟ್ಟಿನ ಮದರ್‌ಬೋರ್ಡ್ ಕಾಣುವುದು ಇವತ್ತಿಗೂ ಅಪರೂಪವಲ್ಲ. ಗಿಗಾಬೈಟ್ ಜಿ41ಎಂಟಿ-ಎಸ್2, ಏಸಸ್ ಪಿ5ಜಿ41ಟಿ-ಎಂ ಎಲ್‌ಎಕ್ಸ್, ಜೊತೆಗೆ ಬೇರೆ ಬೇರೆ ಹೆಸರಿನ ಹತ್ತಾರು ಬೋರ್ಡುಗಳು. ಮೇಲೆ ಕೋರ್ 2 ಡ್ಯುಯೋ ಅಥವಾ ಪೆಂಟಿಯಂ ಡ್ಯುಯಲ್ ಕೋರ್ ಪ್ರೊಸೆಸರ್, ಡಿಡಿಆರ್3 ರ್ಯಾಮಿಗೆ ಎರಡು ಸ್ಲಾಟ್, ಅದರಲ್ಲಿ ಒಂದೇ ಒಂದು 2 ಜಿಬಿ ಕಡ್ಡಿ. ಇವತ್ತಿನ ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ ಅದು ಏದುಸಿರು ಬಿಡುತ್ತದೆ. ಎರಡು 4 ಜಿಬಿ ಹಾಕಿ 8 ಜಿಬಿ ಮಾಡಿಕೊಳ್ಳೋಣ ಎಂದು ರ್ಯಾಮ್ ತಂದು ಕೂರಿಸಿದರೆ ಡಿಸ್‌ಪ್ಲೇ ಬರುವುದಿಲ್ಲ. ಅಂಗಡಿಯವರು ಬೋರ್ಡ್ ಹಳೆಯದು ಅನ್ನುತ್ತಾರೆ, ತಂದವರು ರ್ಯಾಮ್ ಕೆಟ್ಟಿದೆ ಅನ್ನುತ್ತಾರೆ. ಬಹುಪಾಲು ಸಲ ಬೋರ್ಡೂ ಚೆನ್ನಾಗಿದೆ, ರ್ಯಾಮೂ ಚೆನ್ನಾಗಿದೆ. ಅವೆರಡಕ್ಕೂ ಹೊಂದಾಣಿಕೆ ಇಲ್ಲ, ಅಷ್ಟೆ.

ಕಾರಣ ತಿಳಿದರೆ ಮುಂದಿನ ಕೆಲಸವೆಲ್ಲ ಸಲೀಸು. ಈ ಪೀಳಿಗೆಯ ಯಂತ್ರಗಳಲ್ಲಿ ರ್ಯಾಮನ್ನು ಓದಿ ಬರೆಯುವ ಮೆಮೊರಿ ಕಂಟ್ರೋಲರ್ ಪ್ರೊಸೆಸರಿನೊಳಗಿಲ್ಲ. ಹೀಟ್‌ಸಿಂಕಿನ ಕೆಳಗಿರುವ ಜಿ41 ಚಿಪ್ಪಿನಲ್ಲಿದೆ. ಹಾಗಾಗಿ ಪ್ರೊಸೆಸರ್ ಬದಲಿಸಿದರೆ ರ್ಯಾಮಿನ ಮಿತಿ ಬದಲಾಗುವುದಿಲ್ಲ. ಈ ಕಂಟ್ರೋಲರಿನಿಂದ ರ್ಯಾಮ್ ಸ್ಲಾಟಿಗೆ ಹೋಗುವ ವಿಳಾಸದ ಗೆರೆಗಳು ಹದಿನೈದು, ಎ0ಯಿಂದ ಎ14ರವರೆಗೆ. 2 ಗಿಗಾಬಿಟ್ಟಿನ (8 ಗಿಗಾಬಿಟ್ ಸೇರಿದರೆ 1 ಜಿಬಿ), 8 ಬಿಟ್ ಅಗಲದ, ಅಂದರೆ ಒಂದು ಸಲಕ್ಕೆ 8 ಬಿಟ್ ಕೊಡುವ ಡಿಡಿಆರ್3 ಚಿಪ್ಪನ್ನು ಪೂರ್ತಿ ಓದಲು ಅಷ್ಟು ಸಾಕು. ಅದೇ ಅಗಲದ 4 ಗಿಗಾಬಿಟ್ಟಿನ ಚಿಪ್ಪಿಗೆ ಹದಿನಾರನೆಯ ಗೆರೆ ಬೇಕು. ಆ ಗೆರೆ ಈ ಬೋರ್ಡಿನಲ್ಲಿ ಇಲ್ಲವೇ ಇಲ್ಲ. ಬಯಾಸ್ (ಆನ್ ಮಾಡಿದೊಡನೆ ಓಡುವ ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಇಲ್ಲದ ತಂತಿಯನ್ನು ಬಯಾಸ್ ಎಲ್ಲಿಂದ ತರಬೇಕು? ಹಳೆಯ ಬೋರ್ಡಿನಲ್ಲಿ ಬಯಾಸ್ ಬರೆಯುವಾಗ ಕರೆಂಟು ಹೋದರೆ ಇದ್ದ ಯಂತ್ರವೂ ಹೋಗುತ್ತದೆ. ಈ ಕಾರಣಕ್ಕಾಗಿ ಆ ಸಾಹಸ ಬೇಡ.

ಈಗ ಅಂಗಡಿಯಲ್ಲಿ ಸಿಗುವ ಸರಕಿಗೆ ಬರೋಣ. 4 ಜಿಬಿ ಡಿಡಿಆರ್3 ಡೆಸ್ಕ್‌ಟಾಪ್ ರ್ಯಾಮ್ ಎಂದು ಕೇಳಿದರೆ ಕೈಗೆ ಬರುವುದು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಒಂದೇ ಬದಿಯಲ್ಲಿ ಎಂಟು ಚಿಪ್ ಇರುವ, ಹಿಂಬದಿ ಬೋಳಾಗಿರುವ ಕಡ್ಡಿ. ಲೇಬಲ್ಲಿನಲ್ಲಿ 1ಆರ್×8 ಎಂದಿರುತ್ತದೆ, ಅಂದರೆ 8 ಬಿಟ್ ಅಗಲದ ಚಿಪ್ಪುಗಳ ಒಂದು ರ್ಯಾಂಕ್; ಒಟ್ಟಿಗೆ 64 ಬಿಟ್ ಕೊಡುವ ಚಿಪ್ಪುಗಳ ಗುಂಪಿಗೆ ರ್ಯಾಂಕ್ ಎನ್ನುತ್ತಾರೆ. ಹೊಸದಾಗಿ ಪ್ಯಾಕೆಟ್ಟಿನಲ್ಲಿ ಸಿಗುವುದು ಹೆಚ್ಚಾಗಿ ಇದೇ. ಎಂಟು ಚಿಪ್ಪಿನಲ್ಲೇ 4 ಜಿಬಿ ತುಂಬಬೇಕಾದರೆ ಒಂದೊಂದೂ 4 ಗಿಗಾಬಿಟ್ ಆಗಲೇಬೇಕು. ಜಿ41ಕ್ಕೆ ಇದು ನಡೆಯುವುದಿಲ್ಲ. ಕೆಲವು ಬೋರ್ಡು ಬೀಪ್ ಹೊಡೆದು ನಿಲ್ಲುತ್ತದೆ, ಕೆಲವದರಲ್ಲಿ ಅರ್ಧ ಮಾತ್ರ ಕಂಡು 2 ಜಿಬಿ ಎಂದು ತೋರಿಸುತ್ತದೆ. ಅರ್ಧ ಕಂಡಿತೆಂದು ಹಾಗೆಯೇ ಇಟ್ಟುಕೊಳ್ಳಬೇಡಿ. ಹೊಂದದ ರ್ಯಾಮಿನ ಮೇಲೆ ಓಡುವ ಯಂತ್ರ ಯಾವಾಗ ಫೈಲು ಕೆಡಿಸುತ್ತದೆ ಎಂದು ಹೇಳಲಾಗದು. ರ್ಯಾಮಾಗಿ ಇದರಲ್ಲಿ ದೋಷ ಏನೂ ಇಲ್ಲ, ಇದು ಹುಟ್ಟಿದ್ದು ಮುಂದಿನ ಪೀಳಿಗೆಯ ಬೋರ್ಡಿಗೆ.

ಎರಡನೆಯದು ನಮಗೆ ಬೇಕಾದದ್ದು. ಎರಡೂ ಬದಿಯಲ್ಲಿ ಎಂಟೆಂಟು, ಒಟ್ಟು ಹದಿನಾರು ಚಿಪ್, ಲೇಬಲ್ಲಿನಲ್ಲಿ 2ಆರ್×8. ಒಂದೊಂದು ಚಿಪ್ 2 ಗಿಗಾಬಿಟ್. ಇವು ಈಗ ಸಿಗುವುದು ಹೆಚ್ಚಾಗಿ ಹಳೆಯ ಆಫೀಸ್ ಕಂಪ್ಯೂಟರಿನಿಂದ ಬಿಚ್ಚಿದ ಮಾಲಾಗಿ. ಸೆಕೆಂಡ್‌ಹ್ಯಾಂಡ್ ಎಂದು ಹಿಂಜರಿಯಬೇಕಿಲ್ಲ. ದೊಡ್ಡ ಕಂಪನಿಯ ಬ್ರ್ಯಾಂಡೆಡ್ ಡೆಸ್ಕ್‌ಟಾಪಿನಿಂದ ಬಂದ ಸ್ಯಾಮ್‌ಸಂಗ್, ಹೈನಿಕ್ಸ್, ಮೈಕ್ರಾನ್ ಕಡ್ಡಿ, ಹೆಸರು ಕೇಳಿರದ ಹೊಸ ಕಡ್ಡಿಗಿಂತ ನಂಬಿಕೆಗೆ ಯೋಗ್ಯ. ರ್ಯಾಮಿನಲ್ಲಿ ತಿರುಗುವ ಭಾಗವಿಲ್ಲ, ಸವೆಯುವಂಥದ್ದಿಲ್ಲ. ಹತ್ತು ವರ್ಷ ಓಡಿದ್ದು ಮೆಮೊರಿ ಟೆಸ್ಟಿನಲ್ಲಿ ಪಾಸಾದರೆ ಇನ್ನೂ ವರ್ಷಗಟ್ಟಲೆ ಓಡುತ್ತದೆ.

ಮೂರನೆಯದೇ ಜನರನ್ನು ಹೆಚ್ಚು ಮೋಸಗೊಳಿಸುವುದು. ಇದರಲ್ಲೂ ಹದಿನಾರು ಚಿಪ್, ಎರಡೂ ಬದಿಯಲ್ಲಿ ಎಂಟೆಂಟು. ನೋಡಲು ಎರಡನೆಯದರ ತದ್ರೂಪು, ಬೆಲೆ ಮಾತ್ರ ಕಡಿಮೆ. ‘ಚಿಪ್ ಎಣಿಸಿ ತಗೊಳ್ಳಿ, ಹದಿನಾರಿದ್ದರೆ ಸಾಕು’ ಎಂಬ ಸಲಹೆ ಬಾಯಿಂದ ಬಾಯಿಗೆ ಹರಡಿದೆ. ಆ ಸಲಹೆ ನಂಬಿದವರು ಎಡವುವುದು ಇಲ್ಲೇ. ಇದರ ಚಿಪ್ಪುಗಳ ಅಗಲ 8 ಬಿಟ್ ಅಲ್ಲ, 4 ಬಿಟ್. ಹದಿನಾರು ನಾಲ್ಕಲಿ ಅರವತ್ತನಾಲ್ಕು ಬಿಟ್, ಅಂದರೆ ಎಲ್ಲ ಚಿಪ್ಪೂ ಸೇರಿ ಒಂದೇ ರ್ಯಾಂಕ್: 1ಆರ್×4. 4 ಬಿಟ್ ಅಗಲದ 2 ಗಿಗಾಬಿಟ್ ಚಿಪ್ಪಿಗೆ ಕಾಲಮ್ ವಿಳಾಸ ಹತ್ತರ ಬದಲು ಹನ್ನೊಂದು ಬಿಟ್ ಆಗುತ್ತದೆ. ಅದನ್ನು ಇಂಟೆಲ್ ಡೆಸ್ಕ್‌ಟಾಪ್ ಕಂಟ್ರೋಲರ್ ಒಪ್ಪುವುದಿಲ್ಲ. ಎಎಂಡಿಯ ಹಲವು ಡೆಸ್ಕ್‌ಟಾಪ್ ಬೋರ್ಡುಗಳು ಒಪ್ಪುತ್ತವೆ. ಅದಕ್ಕೇ ಇದರ ಜಾಹೀರಾತಿನ ಮೂಲೆಯಲ್ಲಿ ‘ಫಾರ್ ಎಎಂಡಿ’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. 4 ಬಿಟ್ ಚಿಪ್ಪುಗಳ ಸಹಜ ಜಾಗ ಸರ್ವರಿನ ರಿಜಿಸ್ಟರ್ಡ್ ರ್ಯಾಮ್; ಮನೆ ಕಂಪ್ಯೂಟರಿನ ಕಡ್ಡಿಗೆ ಜೆಡೆಕ್ ಎಂಬ ಸಂಸ್ಥೆ ಮಾಡಿದ ಮಾನದಂಡದಲ್ಲಿ ಅವಕ್ಕೆ ಜಾಗವಿಲ್ಲ. ಜಿ41 ಮಾತ್ರವಲ್ಲ, ಯಾವ ಇಂಟೆಲ್ ಮನೆ ಯಂತ್ರಕ್ಕೂ ಇದನ್ನು ಕೊಳ್ಳಬಾರದು.

ಹಾಗಾದರೆ ಎರಡನೆಯದನ್ನೂ ಮೂರನೆಯದನ್ನೂ ಬೇರೆ ಮಾಡುವುದು ಹೇಗೆ? ಕಡ್ಡಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ. ಅಸಲಿ ಕಡ್ಡಿಯ ಕಾಗದದ ಲೇಬಲ್ಲಿನಲ್ಲಿ ಒಂದು ಸಾಲು ಹೀಗಿರುತ್ತದೆ: 4ಜಿಬಿ 2ಆರ್×8 ಪಿಸಿ3-10600ಯು. ಮೊದಲು ಗಾತ್ರ, ಆಮೇಲೆ ರ್ಯಾಂಕ್ ಮತ್ತು ಚಿಪ್ಪಿನ ಅಗಲ, ಆಮೇಲೆ ವೇಗ. ಕೊನೆಯ ‘ಯು’ ಮುಖ್ಯ. ಅಲ್ಲಿ ‘ಆರ್’ ಇದ್ದರೆ ಅದು ಸರ್ವರ್ ರ್ಯಾಮ್, ಅಗ್ಗವಾಗಿ ಸಿಕ್ಕಿದರೂ ಬೇಡ. ವೇಗ 10600 (ಅಂದರೆ 1333) ಇರಲಿ, 12800 (ಅಂದರೆ 1600) ಇರಲಿ, ಜಿ41 ಅದನ್ನು 1066 ಅಥವಾ 800ಕ್ಕೆ ಇಳಿಸಿಯೇ ಓಡಿಸುತ್ತದೆ. ಹೆಚ್ಚಿನ ವೇಗಕ್ಕೆಂದು ಹೆಚ್ಚು ದುಡ್ಡು ಕೊಟ್ಟರೆ ಅದು ವ್ಯರ್ಥ.

ಲೇಬಲ್ ಹರಿದಿದ್ದರೆ ಚಿಪ್ಪಿನ ಬೆನ್ನನ್ನೇ ಓದಬಹುದು. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಸ್ಯಾಮ್‌ಸಂಗ್ ಚಿಪ್ಪಿನಲ್ಲಿ ಕೆ4ಬಿ2ಜಿ0846 ಎಂದು ಶುರುವಾದರೆ, ‘2ಜಿ’ ಎಂಬುದು 2 ಗಿಗಾಬಿಟ್, ಅದರ ಪಕ್ಕದ ‘08’ ಎಂಬುದು 8 ಬಿಟ್ ಅಗಲ. ಬೇಕಾದದ್ದು ಇದೇ. ಅದೇ ಜಾಗದಲ್ಲಿ 2ಜಿ04 ಇದ್ದರೆ 4 ಬಿಟ್ಟಿನ ಚಿಪ್, 4ಜಿ08 ಇದ್ದರೆ 4 ಗಿಗಾಬಿಟ್; ಎರಡೂ ಆಗದು. ಹೈನಿಕ್ಸಿನಲ್ಲಿ ಎಚ್5ಟಿಕ್ಯೂ2ಜಿ83 ಆದರೆ ಸರಿ, 2ಜಿ43 ಅಥವಾ 4ಜಿ83 ಆದರೆ ಬೇಡ. ಮೈಕ್ರಾನ್ ಚಿಪ್ಪಿನ ಮೇಲೆ ಡಿ9ರಿಂದ ಶುರುವಾಗುವ ಐದಕ್ಷರದ ಸಂಕೇತ ಮಾತ್ರ ಇರುತ್ತದೆ, ಅದರಿಂದ ನೇರವಾಗಿ ಏನೂ ತಿಳಿಯುವುದಿಲ್ಲ. ಅದಕ್ಕೆ ಕಡ್ಡಿಯ ಪಾರ್ಟ್ ನಂಬರನ್ನೇ ನೋಡಬೇಕು.

ಪಾರ್ಟ್ ನಂಬರ್ ಕೇಳಿ ಕೊಳ್ಳುವವರಿಗೆ: ಸ್ಯಾಮ್‌ಸಂಗಿನ ಎಂ378ಬಿ5273, ಹೈನಿಕ್ಸಿನ ಎಚ್‌ಎಂಟಿ351ಯು6, ಮೈಕ್ರಾನಿನ ಎಂಟಿ16ಜೆಟಿಎಫ್51264, ಕಿಂಗ್‌ಸ್ಟನ್ನಿನ ಕೆವಿಆರ್1333ಡಿ3ಎನ್9/4ಜಿ, ಇವೆಲ್ಲ ಹದಿನಾರು ಚಿಪ್ಪಿನ 2ಆರ್×8. ಇವುಗಳ ಅಕ್ಕಪಕ್ಕದಲ್ಲೇ ಬರುವ ಎಂ378ಬಿ5173, ಎಚ್‌ಎಂಟಿ451ಯು6, ಎಂಟಿ8ಜೆಟಿಎಫ್51264, ಕೆವಿಆರ್16ಎನ್11ಎಸ್8/4 ಎಂಟು ಚಿಪ್ಪಿನವು. ಕೆಲವದರಲ್ಲಿ ಒಂದೇ ಒಂದು ಅಂಕಿಯ ವ್ಯತ್ಯಾಸದಲ್ಲಿ ಪೂರ್ತಿ ಬೇರೆ ಮಾಲು. ಕಿಂಗ್‌ಸ್ಟನ್ನಿನ ಆ ‘ಎಸ್8’ ಎಂಬುದೇ ಸಿಂಗಲ್ ರ್ಯಾಂಕ್, 8 ಬಿಟ್ ಎಂಬ ಸೂಚನೆ.

ಬಣ್ಣದ ಲೋಹದ ಕವಚ ಹೊದ್ದ ಗೇಮಿಂಗ್ ರ್ಯಾಮನ್ನು ಈ ಬೋರ್ಡಿಗೆ ಕೊಳ್ಳಬೇಡಿ. ಅದರ ಕೆಳಗೆ ಎಂಟಿದೆಯೋ ಹದಿನಾರಿದೆಯೋ ಕಾಣುವುದಿಲ್ಲ. ಚಿಪ್ಪಿನ ಮೇಲಿನ ಅಕ್ಷರಗಳನ್ನು ಉಜ್ಜಿ ಅಳಿಸಿದ್ದರೆ, ಅಥವಾ ಒಂದೇ ಕಡ್ಡಿಯ ಚಿಪ್ಪುಗಳ ಮೇಲೆ ಬೇರೆ ಬೇರೆ ಬರಹ ಇದ್ದರೆ, ಹಾಗೇ ವಾಪಸ್ ಕೊಟ್ಟುಬಿಡಿ.

ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತರುವುದೇ ಒಳ್ಳೆಯದು; ಆನ್‌ಲೈನಿನಲ್ಲಿ ಹಾಕಿರುವ ಫೋಟೋ ಒಂದು, ಬರುವ ಮಾಲು ಇನ್ನೊಂದು ಆಗುವ ಸಂಭವ ಈ ಸರಕಿನಲ್ಲಿ ಜಾಸ್ತಿ. ‘ಜಿ41 ಬೋರ್ಡಿಗೆ 4 ಜಿಬಿ, ಹದಿನಾರು ಚಿಪ್ಪಿಂದು, ಎರಡು ಆರ್ ಎಂಟು ಬೇಕು’ ಎಂದರೆ ಈ ಕೆಲಸ ಗೊತ್ತಿರುವ ಅಂಗಡಿಯವರಿಗೆ ತಕ್ಷಣ ಅರ್ಥವಾಗುತ್ತದೆ. ‘ಯಾವುದಾದರೂ ನಡೆಯುತ್ತೆ ಸಾರ್’ ಎಂದರೆ ಪಕ್ಕದ ಅಂಗಡಿ ನೋಡಿ. ಬಿಲ್ಲಿನ ಮೇಲೆ ಬೋರ್ಡಿನ ಹೆಸರು ಬರೆಸಿಕೊಂಡು, ಹೊಂದದಿದ್ದರೆ ಬದಲಾಯಿಸಿಕೊಡುವ ಮಾತನ್ನೂ ಬರೆಸಿಕೊಳ್ಳಿ.

ಹೋಗುವ ಮೊದಲು ಮನೆಯಲ್ಲಿ ನೋಡಬೇಕಾದ ಎರಡು ವಿಷಯ. ಎಲ್ಲ ಜಿ41 ಬೋರ್ಡೂ ಡಿಡಿಆರ್3 ಅಲ್ಲ. ಗಿಗಾಬೈಟಿನ ಜಿ41ಎಂ-ಇಎಸ್2ಎಲ್ ಡಿಡಿಆರ್2, ಏಸಸಿನ ಪಿ5ಜಿ41ಸಿ-ಎಂ ಎಲ್‌ಎಕ್ಸಿನಲ್ಲಿ ಎರಡೂ ಬಗೆಯ ಸ್ಲಾಟ್ ಇವೆ. ಎರಡಕ್ಕೂ 240 ಪಿನ್ನೇ ಆದರೂ ಕೆಳಗಿನ ಕಚ್ಚು ಬೇರೆ ಜಾಗದಲ್ಲಿದೆ, ಒತ್ತಿ ಕೂರಿಸಲು ಹೋದರೆ ಸ್ಲಾಟ್ ಸೀಳುತ್ತದೆ. ಎರಡನೆಯದು, ಬೋರ್ಡಿನ ಕೈಪಿಡಿಯಲ್ಲಿ ಗರಿಷ್ಠ ಎಷ್ಟು ಎಂದು ಬರೆದಿದೆ ಎಂಬುದು. ಜಿ41 ಚಿಪ್ 8 ಜಿಬಿವರೆಗೆ ಹೋಗುತ್ತದೆ, ಆದರೆ ಬೋರ್ಡು ತಯಾರಿಸಿದವರು ಅದಕ್ಕಿಂತ ಕಡಿಮೆ ಬರೆದಿದ್ದರೆ ಅವರ ಮಾತೇ ಅಂತಿಮ. 4 ಜಿಬಿ ಸಾಕು ಎನ್ನುವವರು ಎಂಟು ಚಿಪ್ಪಿನ 2 ಜಿಬಿ ಕಡ್ಡಿ ಎರಡು ತಂದರೆ ತಲೆನೋವೇ ಇಲ್ಲ. ಅದರಲ್ಲಿ ಒಂದೊಂದು ಚಿಪ್ 2 ಗಿಗಾಬಿಟ್ಟೇ. ನಾಲ್ಕೇ ಚಿಪ್ಪಿನ 2 ಜಿಬಿ ಬಂದರೆ ಮಾತ್ರ ಬೇಡ.

ರ್ಯಾಮ್ ಕೂರಿಸುವ ಮೊದಲು, ವಿಂಡೋಸ್ 10 ಇದ್ದರೆ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಫಾಸ್ಟ್ ಸ್ಟಾರ್ಟಪ್ ಹಳೆಯ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡಿರುತ್ತದೆ, ರ್ಯಾಮ್ ಬದಲಾದ ಮೇಲೆ ಅದು ತಕರಾರು ತೆಗೆಯಬಹುದು. ಬರೀ ಶಟ್‌ಡೌನ್ ಮಾಡಿದರೆ ಸಾಲದು, ಪವರ್ ಕಾರ್ಡನ್ನೇ ಕೀಳಿ. ಎಸ್‌ಎಂಪಿಎಸ್‌ಗೆ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ) ಕರೆಂಟು ಇರುವಷ್ಟು ಹೊತ್ತೂ ಬೋರ್ಡಿನಲ್ಲಿ ಸ್ಟ್ಯಾಂಡ್‌ಬೈ ವೋಲ್ಟೇಜ್ ಹರಿಯುತ್ತಿರುತ್ತದೆ. ಕಾರ್ಡ್ ಕಿತ್ತ ಮೇಲೆ ಪವರ್ ಬಟನ್ ಐದು ಸೆಕೆಂಡ್ ಒತ್ತಿ ಉಳಿದದ್ದನ್ನು ಖಾಲಿ ಮಾಡಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಆಮೇಲೆ ರ್ಯಾಮ್ ಹಿಡಿಯಿರಿ. ಅಂಚಿನಲ್ಲಿ ಮಾತ್ರ.

ಹಳೆಯ ಸ್ಲಾಟಿನಲ್ಲಿ ಧೂಳು ತುಂಬಿರುತ್ತದೆ. ಅದರಲ್ಲೂ ಎಷ್ಟೋ ವರ್ಷ ಖಾಲಿಯೇ ಇದ್ದ ಎರಡನೆಯ ಸ್ಲಾಟ್. ಒಣ ಪೇಂಟ್ ಬ್ರಷ್‌ನಿಂದ ಗುಡಿಸಿ. ಬಾಯಿಂದ ಊದಬೇಡಿ, ಉಗುಳು ಹೋಗುತ್ತದೆ. ಕಡ್ಡಿಯ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ತೇವ ಮಾಡಿದ ಬಟ್ಟೆಯಿಂದ ರಬ್ಬರಿನ ಪುಡಿ ಒರೆಸಿ. ಕರಾವಳಿಯ ಮನೆಗಳಲ್ಲಿ ಉಪ್ಪುಗಾಳಿಗೆ ಈ ಹಲ್ಲು ಮಂಕಾಗಿರುವುದು ಸಾಮಾನ್ಯ. ಎಷ್ಟೋ ‘ಸತ್ತ’ ರ್ಯಾಮು ಈ ಒಂದು ಕೆಲಸಕ್ಕೇ ಏಳುತ್ತದೆ. ಕೂರಿಸುವಾಗ ಕಚ್ಚು ಹೊಂದಿಸಿ, ಎರಡು ತುದಿಗೂ ಹೆಬ್ಬೆರಳಿಟ್ಟು ಸಮವಾಗಿ ಒತ್ತಿ. ಬಿಳಿ ಕ್ಲಿಪ್ ತಾನಾಗಿ ಮೇಲೆದ್ದು ಟಕ್ ಎನ್ನಬೇಕು. ಕ್ಲಿಪ್ಪನ್ನು ಬೆರಳಿನಿಂದ ತಳ್ಳಿ ಮುಚ್ಚಿದರೆ ಕಡ್ಡಿ ಪೂರ್ತಿ ಇಳಿದಿಲ್ಲವೆಂದೇ ಲೆಕ್ಕ. ಈ ಬೋರ್ಡುಗಳು ತೆಳು. ಬಾಗುತ್ತಿದೆ ಎನಿಸಿದರೆ ಕ್ಯಾಬಿನೆಟ್ಟನ್ನು ಮಲಗಿಸಿ ಕೆಲಸ ಮಾಡಿ.

ಮೊದಲಿಗೆ ಹೊಸ ಕಡ್ಡಿ ಒಂದನ್ನೇ ಹಾಕಿ ಆನ್ ಮಾಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ತಪ್ಪು ಯಾವುದರಲ್ಲಿ ಎಂದು ತಿಳಿಯದು. ಡಿಸ್‌ಪ್ಲೇ ಬರದೆ ಬೀಪ್ ಮೇಲೆ ಬೀಪ್ ಬಂದರೆ ಬೋರ್ಡು ರ್ಯಾಮನ್ನು ಒಪ್ಪುತ್ತಿಲ್ಲ ಎಂದರ್ಥ. ಫ್ಯಾನ್ ತಿರುಗಿ ಏನೂ ಸದ್ದೇ ಬರದಿದ್ದರೆ ಮೊದಲು ಕ್ಯಾಬಿನೆಟ್ಟಿನಲ್ಲಿ ಆ ಪುಟ್ಟ ಬೀಪ್ ಸ್ಪೀಕರ್ ಇದೆಯೇ ನೋಡಿ. ಅಗ್ಗದ ಕ್ಯಾಬಿನೆಟ್ಟಿನಲ್ಲಿ ಇರುವುದೇ ಇಲ್ಲ. ಸ್ಪೀಕರ್ ಹಾಕಿ, ರ್ಯಾಮ್ ಎಲ್ಲ ತೆಗೆದು, ಬರಿ ಬೋರ್ಡನ್ನು ಆನ್ ಮಾಡಿ. ಆಗ ಬೀಪ್ ಬಂದರೆ ಬೋರ್ಡೂ ಪ್ರೊಸೆಸರೂ ಜೀವಂತ, ವಿಷಯ ರ್ಯಾಮಿನದ್ದೇ. ಆಗಲೂ ಸದ್ದಿಲ್ಲದಿದ್ದರೆ ರ್ಯಾಮನ್ನು ದೂರಿ ಫಲವಿಲ್ಲ; ಕೆಲಸ ಮಾಡುವಾಗ ಕೈತಾಗಿ 4 ಪಿನ್ನಿನ ಪ್ರೊಸೆಸರ್ ಪವರ್ ವಯರ್ ಸಡಿಲವಾಗಿದೆಯೇ ನೋಡಿ.

2ಆರ್×8 ಕಡ್ಡಿಯೇ ಆಗಿದ್ದೂ ಒಪ್ಪದಿದ್ದರೆ ಸಿಮೋಸ್, ಅಂದರೆ ಬಯಾಸಿನ ಸೆಟ್ಟಿಂಗ್ ಉಳಿದಿರುವ ಜಾಗ, ಅಳಿಸಿ. ಕಾರ್ಡ್ ಕಿತ್ತು, ಸಿಆರ್2032 ಬ್ಯಾಟರಿ ತೆಗೆದು, ಕ್ಲಿಯರ್ ಸಿಮೋಸ್ ಜಂಪರನ್ನು ಹತ್ತು ಸೆಕೆಂಡ್ ಜೋಡಿಸಿ, ಮತ್ತೆ ಮೊದಲಿನಂತೆ ಇಡಿ. ಹಳೆಯ ರ್ಯಾಮಿನ ಟೈಮಿಂಗ್ ಬಯಾಸಿನಲ್ಲಿ ಗಟ್ಟಿಯಾಗಿ ಉಳಿದಿದ್ದರೆ ಇದರಿಂದ ಹೋಗುತ್ತದೆ. ಆಮೇಲೆ ಬಯಾಸಿನಲ್ಲಿ ರ್ಯಾಮ್ ವೇಗವನ್ನು ಆಟೋ ಅಥವಾ 1066ಕ್ಕೆ ಇಡಿ, 1333 ಬೇಡ. ದಿನಾಂಕ ಸರಿಮಾಡುವುದನ್ನು ಮರೆಯಬೇಡಿ. ಅದು ಹಿಂದಕ್ಕೆ ಹೋಗಿರುತ್ತದೆ, ಬ್ರೌಸರಿನಲ್ಲಿ ಯಾವ ತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ, ಜನ ಅದನ್ನೂ ರ್ಯಾಮಿನ ತಲೆಗೇ ಕಟ್ಟುತ್ತಾರೆ. ಬ್ಯಾಟರಿ ಹೇಗೂ ಹಳೆಯದು, ಹೊಸದನ್ನೇ ಹಾಕಿ.

ಬಯಾಸಿನಲ್ಲಿ 8 ಜಿಬಿ ಕಂಡು ವಿಂಡೋಸಿನಲ್ಲಿ 3 ಚಿಲ್ಲರೆ ಜಿಬಿ ಮಾತ್ರ ಬಳಕೆಗೆ ಇದೆ ಎಂದರೆ ಅದು 32 ಬಿಟ್ ವಿಂಡೋಸ್. ಎಷ್ಟು ರ್ಯಾಮ್ ಸುರಿದರೂ ಅದು 4 ಜಿಬಿ ದಾಟುವುದಿಲ್ಲ. 64 ಬಿಟ್ ಹೊಸದಾಗಿ ಹಾಕಬೇಕು, ಅದರ ಮೇಲೆಯೇ ಅಪ್‌ಗ್ರೇಡ್ ಆಗದು. 64 ಬಿಟ್ ಇದ್ದೂ ಕಡಿಮೆ ತೋರಿಸಿದರೆ ಬಯಾಸಿನಲ್ಲಿ ಮೆಮೊರಿ ರೀಮ್ಯಾಪ್ ಎಂಬ ಆಯ್ಕೆ ಇದೆಯೇ ನೋಡಿ ಆನ್ ಮಾಡಿ, ಎಂಎಸ್‌ಕಾನ್ಫಿಗ್‌ನ ಬೂಟ್ ಭಾಗದಲ್ಲಿ ಮ್ಯಾಕ್ಸಿಮಮ್ ಮೆಮೊರಿ ಟಿಕ್ ಆಗಿದ್ದರೆ ತೆಗೆಯಿರಿ. ಸ್ವಲ್ಪ ಭಾಗ ಆನ್‌ಬೋರ್ಡ್ ಗ್ರಾಫಿಕ್ಸಿಗೆ ಹೋಗುವುದು ಸಹಜ.

ಎರಡೂ ಕಡ್ಡಿ ಒಪ್ಪಿದ ಮೇಲೆ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ತಂತ್ರಾಂಶ ಓಡಿಸದೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಹೆಸರಿನ ಕೊನೆಯ ಕೂಡು ಚಿಹ್ನೆ ಗಮನಿಸಿ. ಆ ಚಿಹ್ನೆ ಇಲ್ಲದ ಮೆಮ್‌ಟೆಸ್ಟ್86ರ ಈಚಿನ ಆವೃತ್ತಿಗಳು ಯುಇಎಫ್‌ಐ ಎಂಬ ಹೊಸ ಬಗೆಯ ಬಯಾಸಿಗೆ ಮಾತ್ರ, ಈ ಬೋರ್ಡಿನಲ್ಲಿ ಬೂಟ್ ಆಗುವುದೇ ಇಲ್ಲ. ಪೆನ್‌ಡ್ರೈವಿಗೆ ಬರೆದು, ಗಿಗಾಬೈಟಿನಲ್ಲಿ ಎಫ್12, ಏಸಸಿನಲ್ಲಿ ಎಫ್8 ಒತ್ತಿ ಅದರಿಂದ ಬೂಟ್ ಮಾಡಿ, ರಾತ್ರಿಯಿಡೀ ಬಿಡಿ. ಕೆಂಪಿನಲ್ಲಿ ಒಂದೇ ಒಂದು ದೋಷ ಕಂಡರೂ ಆ ಕಡ್ಡಿ ವಾಪಸ್. ಒಂದೆರಡು ದೋಷ ಪರವಾಗಿಲ್ಲ ಎನ್ನುವ ಮಾತು ರ್ಯಾಮಿಗೆ ಅನ್ವಯಿಸುವುದಿಲ್ಲ. ಆ ಒಂದು ಬಿಟ್ ನಾಳೆ ಮಕ್ಕಳ ಫೋಟೋದಲ್ಲೋ ಜಮೀನಿನ ದಾಖಲೆಯ ಪಿಡಿಎಫ್‌ನಲ್ಲೋ ಬೀಳುತ್ತದೆ.

8 ಜಿಬಿ ಮಾಡಿದ ಮೇಲೆ ಈ ಯಂತ್ರದಿಂದ ಎಷ್ಟು ನಿರೀಕ್ಷಿಸಬಹುದು? ಬ್ರೌಸರಿನಲ್ಲಿ ಪುಟದಿಂದ ಪುಟಕ್ಕೆ ಹೋಗುವಾಗ ಹಾರ್ಡ್‌ಡಿಸ್ಕ್ ಕರಕರ ಅನ್ನುವುದು ನಿಲ್ಲುತ್ತದೆ, ಅದೇ ದೊಡ್ಡ ಲಾಭ. ಆನ್ ಆಗುವ ಹೊತ್ತು ಕಡಿಮೆಯಾಗಬೇಕಾದರೆ ರ್ಯಾಮಲ್ಲ, ಎಸ್‌ಎಸ್‌ಡಿ ಬೇಕು. ಜಿ41ರ ಜೊತೆ ಬರುವ ಐಸಿಎಚ್7 ಚಿಪ್ಪಿನಲ್ಲಿ ಎಎಚ್‌ಸಿಐ (ಡಿಸ್ಕಿನೊಡನೆ ಚುರುಕಾಗಿ ವ್ಯವಹರಿಸುವ ವಿಧಾನ) ಇಲ್ಲ, ಡಿಸ್ಕ್ ಜೋಡಿಸುವ ಸಾಟಾ ವೇಗವೂ ಸೆಕೆಂಡಿಗೆ 3 ಗಿಗಾಬಿಟ್ಟಿಗೆ ನಿಲ್ಲುತ್ತದೆ. ಆದರೂ ಸಾದಾ ಎಸ್‌ಎಸ್‌ಡಿ ಹಾಕಿದರೆ ಹಾರ್ಡ್‌ಡಿಸ್ಕಿಗೂ ಅದಕ್ಕೂ ಅಜಗಜಾಂತರ. ದುಡ್ಡು ಒಂದಕ್ಕೇ ಇದೆ ಎಂದರೆ, ಈಗ 4 ಜಿಬಿ ಇರುವವರು ಎಸ್‌ಎಸ್‌ಡಿ ಮೊದಲು ಕೊಳ್ಳಲಿ, 2 ಜಿಬಿ ಇರುವವರು ರ್ಯಾಮ್ ಮೊದಲು ಕೊಳ್ಳಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ವಿಂಡೋಸ್ 11ರ 24ಎಚ್2 ಆವೃತ್ತಿ ಎಸ್‌ಎಸ್‌ಇ4.2 ಎಂಬ ಪ್ರೊಸೆಸರ್ ಆದೇಶಗಳ ಗುಂಪು ಕೇಳುತ್ತದೆ, ಅದು ಕೋರ್ 2 ಪ್ರೊಸೆಸರಿನಲ್ಲಿ ಇಲ್ಲ, ಬೂಟ್ ಆಗುವುದೇ ಇಲ್ಲ. ಲಿನಕ್ಸ್ ಮಿಂಟ್ ಹಾಕಿಕೊಂಡರೆ 8 ಜಿಬಿಯಲ್ಲಿ ಓದು, ಬರಹ, ಬ್ಯಾಂಕು, ವಿಡಿಯೋ ಎಲ್ಲ ನೆಮ್ಮದಿಯಾಗಿ ನಡೆಯುತ್ತದೆ. ಕನ್ನಡ ಟೈಪಿಂಗೂ ಅದರಲ್ಲಿದೆ.

ಈಗಾಗಲೇ ಎಂಟು ಚಿಪ್ಪಿನ 4 ಜಿಬಿ ಕೊಂಡು, ಅಂಗಡಿಯವರು ವಾಪಸ್ ತೆಗೆದುಕೊಳ್ಳದೆ ಮನೆಯಲ್ಲಿ ಬಿದ್ದಿದ್ದರೆ ಎಸೆಯಬೇಡಿ. ಎಚ್61, ಎಚ್81 ಬೋರ್ಡಿನ ಕಂಪ್ಯೂಟರ್ ಇರುವ ನೆಂಟರಿಗೋ ಊರಿನ ಶಾಲೆಗೋ ಕೊಡಿ, ಅಲ್ಲಿ ಅದು ಹಾಕಿದ ಕೂಡಲೇ ಓಡುತ್ತದೆ. ‘ಫಾರ್ ಎಎಂಡಿ’ ಕಡ್ಡಿಗೆ ಎಎಂ3 ಸಾಕೆಟ್ಟಿನ ಡಿಡಿಆರ್3 ಬೋರ್ಡು ಹುಡುಕಿ.